ಫ್ಯಾಕ್ಸ್ ಜಾಗದಲ್ಲಿ ಬರೆದಿಟ್ಟದ್ದು

ಲಿಫ್ಟ್ ರಿಪೇರಿಯ ಆ ಕಂಪನಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಹುದ್ದೆ, ಹುದ್ದೆಗೊಂದು ಬೋರ್ಡು. ಫೋನಕ್ಕನ ಮೇಜಿನ ಮೇಲೆ ಮಾತ್ರ ಯಾವ ಬೋರ್ಡೂ ಇರಲಿಲ್ಲ. ಎರಡು ಫೋನು, ಹಳೇ ಕಂಪ್ಯೂಟರಿನ ಒಂದು ಪರದೆ, ಬಂದ ಕರೆ ಬರೆದಿಡುವ ಮೂಲೆ ಸವೆದ ಕಾಲ್ ಬುಕ್ಕು, ಅಷ್ಟೇ. ಊರಲ್ಲಿ ಎಲ್ಲಿ ಲಿಫ್ಟ್ ನಿಂತರೂ ಮೊದಲ ಕರೆ ಆ ಮೇಜಿಗೆ ಬರುತ್ತಿತ್ತು. ಯಾವ ಮೆಕ್ಯಾನಿಕ್ ಎಲ್ಲಿಗೆ ಓಡಬೇಕು ಎಂದು ಹೇಳುವವಳು ಅವಳೇ. ಇಪ್ಪತ್ತನಾಲ್ಕು ವರ್ಷ ಹಾಗೆ ನಡೆದು, ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಯಜಮಾನರಿಂದ ಹಿಡಿದು ಕಟ್ಟಡಗಳ ಕಾವಲುಗಾರರವರೆಗೆ ಎಲ್ಲರ ಬಾಯಲ್ಲೂ ಅವಳು ಫೋನಕ್ಕ.

ಆಫೀಸು ಒಂದು ಟೈರ್ ಅಂಗಡಿಯ ಪಕ್ಕ, ನೆಲಮಹಡಿಯಲ್ಲಿತ್ತು. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವವರಿಗೆ ಹತ್ತಲು ಒಂದು ಮೆಟ್ಟಿಲೂ ಇಲ್ಲ ಎನ್ನುವುದು ಮೆಕ್ಯಾನಿಕ್‌ಗಳ ಹಳೇ ಜೋಕು. ಹೊಸದಾಗಿ ಬಂದವರೆಲ್ಲ ಅದನ್ನು ತಮ್ಮದೇ ಜೋಕು ಎಂದುಕೊಂಡು ಮತ್ತೆ ಹೇಳುತ್ತಿದ್ದರು, ಫೋನಕ್ಕ ಮೊದಲ ಸಲ ಕೇಳಿದವಳ ಹಾಗೆ ನಗುತ್ತಿದ್ದಳು. ಅಷ್ಟು ದೊಡ್ಡ ಮನಸ್ಸು ಅವಳದು. ಆದರೆ ಫೋನ್ ಹಿಡಿದುಕೊಂಡಾಗ ಯಾರಾದರೂ ಹರಟಿದರೆ ಒಂದೇ ಒಂದು ನೋಟ ಸಾಕಿತ್ತು, ಹರಟುವವನ ನಾಲಿಗೆ ಒಣಗುತ್ತಿತ್ತು.

ಅವಳಿಗೆ ಊರಿನ ಲಿಫ್ಟ್‌ಗಳೆಲ್ಲ ಅಂಗೈ ಗೆರೆಯಷ್ಟು ಪರಿಚಯ. ಒಟ್ಟು ಆರುನೂರ ಹನ್ನೆರಡು. ಸೋಮವಾರ ಬೆಳಿಗ್ಗೆ ಕಚೇರಿಗಳ ಲಿಫ್ಟ್ ಕೆಡುತ್ತವೆ, ಎರಡು ದಿನ ಸುಮ್ಮನೆ ನಿಂತು ಹೊರಟಾಗ ಮುನಿಸಿಕೊಳ್ಳುತ್ತವೆ. ಶನಿವಾರ ಅಂಗಡಿಗಳವು, ಭಾನುವಾರ ವಸತಿ ಕಟ್ಟಡಗಳವು. ಬುಧವಾರ ಮಧ್ಯಾಹ್ನ ಮಾತ್ರ ಊರಿಗೆ ಊರೇ ತಣ್ಣಗಿರುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಓದಿದವಳಲ್ಲ, ಫೋನ್ ಎತ್ತಿ ಎತ್ತಿ ಕಲಿತವಳು. ಒಂದು ಸಲವಾದರೂ ಮುಖ ನೋಡದ ನೂರಾರು ಕಾವಲುಗಾರರ ದನಿ ಕೇಳಿದ ಕೂಡಲೇ, "ಏನಪ್ಪಾ, ನಿಮ್ಮ ಎಡಗಡೇದು ಮತ್ತೆ ಐದನೇ ಮಹಡಿಗೆ ಹೋಗಿ ಹಟ ಹಿಡೀತಾ?" ಎಂದು ಕೇಳುತ್ತಿದ್ದಳು. ಆ ಕಡೆಯವನಿಗೆ ಅರ್ಧ ಭಯ ಅಲ್ಲೇ ಇಳಿಯುತ್ತಿತ್ತು.

ಅವಳ ಮೇಜಿನ ಪರದೆ ಕಪ್ಪು, ಅಕ್ಷರ ಹಸಿರು. ಮೌಸ್ ಇಲ್ಲ, ಕೀಲಿಮಣೆಯೇ ಎಲ್ಲ. ಹಿಂದೆಂದೋ ಒಬ್ಬ ಪ್ರೋಗ್ರಾಮರ್ ಮೂರು ತಿಂಗಳು ಕೂತು ಬರೆದುಕೊಟ್ಟ ಸಾಫ್ಟ್‌ವೇರ್ ಅದು. ಪ್ರತಿ ಲಿಫ್ಟಿಗೂ ಒಂದು ಪುಟ: ಕಟ್ಟಡದ ಹೆಸರು, ವಿಳಾಸ, ಫೋನ್, ಫ್ಯಾಕ್ಸ್, ಕಳೆದ ಸರ್ವಿಸ್ ತಾರೀಕು. ಪ್ರೋಗ್ರಾಮರ್ ಬೇರೆ ದೇಶಕ್ಕೋ ಬೇರೆ ಕೆಲಸಕ್ಕೋ ಹೋದ, ಸುಳಿವಿಲ್ಲ. ಸಾಫ್ಟ್‌ವೇರ್ ಉಳಿಯಿತು. ಅದು ಓಡುವ ಕಂಪ್ಯೂಟರ್ ಸಾಮಾನು ಕೋಣೆಯ ಕಪಾಟಿನ ಮೇಲೆ ಕೂತಿತ್ತು. ಅದನ್ನು ಮುಟ್ಟಲು ಫೋನಕ್ಕನಿಗೆ ಬಿಟ್ಟರೆ ಇನ್ನೊಬ್ಬರಿಗೆ ಧೈರ್ಯವಿರಲಿಲ್ಲ.

ಫೋನಕ್ಕನಿಗೆ ಒಬ್ಬ ಅಣ್ಣ. ಅವನೂ ಅದೇ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದವನು. ತಂಗಿಗೆ ಕೆಲಸ ಕೊಡಿಸಿದವನೂ ಅವನೇ. ಅವಳು ಸೇರಿದ ನಾಲ್ಕನೇ ವರ್ಷ ಒಂದು ಏಳು ಮಹಡಿಯ ಕಟ್ಟಡಕ್ಕೆ ಅವನನ್ನು ಅವಳೇ ಕಳಿಸಿದ್ದಳು. ಅಲ್ಲಿ ಎರಡು ಲಿಫ್ಟು, ಮೇಲಿನ ಮೆಷಿನ್ ಕೋಣೆಯಲ್ಲಿ ಎರಡು ದೊಡ್ಡ ಸ್ವಿಚ್ಚು. ಒಂದನೇ ಲಿಫ್ಟಿನ ಸ್ವಿಚ್ ಆರಿಸಿ, ಅದರ ಹಗ್ಗದ ಚಕ್ರಕ್ಕೆ ಎಣ್ಣೆ ಹಾಕಲು ಅವನು ಕೈ ಇಟ್ಟ. ಆದರೆ ಯಾರೋ ಎಂದೋ ವೈರು ಅದಲು ಬದಲು ಮಾಡಿದ್ದರು. ಅವನು ಆರಿಸಿದ್ದು ಎರಡನೆಯದನ್ನು. ಕೆಳಗೆ ಯಾರೋ ಗುಂಡಿ ಒತ್ತಿದರು, ಚಕ್ರ ತಿರುಗಿತು, ಎಡಗೈಯ ಎರಡು ಬೆರಳು ಹೋದವು.

ಆಸ್ಪತ್ರೆಗೆ ಬಂದ ಇನ್ನೊಬ್ಬ ಮೆಕ್ಯಾನಿಕ್ ಮಂಚದ ಪಕ್ಕ ನಿಂತು ಅತ್ತ. "ಆ ಸ್ವಿಚ್ ವಿಷಯ ನಂಗೆ ಗೊತ್ತಿತ್ತು, ಅಣ್ಣ. ಹೋದ ವರ್ಷವೇ ನೋಡಿದ್ದೆ. ಹೇಳೋಣ ಹೇಳೋಣ ಅಂತ ಮರೆತೇಹೋಯ್ತು."

ಫೋನಕ್ಕ ಅವನ ಮೇಲೆ ರೇಗಲಿಲ್ಲ. ಅವನಿಗೆ ಗೊತ್ತಿದ್ದದ್ದು ಅವನ ತಲೆಯಲ್ಲೇ ಉಳಿದುಹೋಗಿತ್ತು, ತನ್ನ ಪರದೆಯ ಮೇಲೆ ಅದಕ್ಕೊಂದು ಜಾಗವಿರಲಿಲ್ಲ, ಅದು ಅವಳನ್ನು ಕೊರೆಯಿತು. ಪ್ರೋಗ್ರಾಮರ್‌ಗೆ ಫೋನ್ ಮಾಡಿ ಎಚ್ಚರಿಕೆ ಬರೆಯಲು ಒಂದು ಸಾಲು ಸೇರಿಸಿಕೊಡಿ ಎಂದಳು. ಮುಂದಿನ ತಿಂಗಳು ನೋಡೋಣ ಎಂದ. ಮೂರು ಮುಂದಿನ ತಿಂಗಳುಗಳಾದವು. ಅಷ್ಟರಲ್ಲಿ ಅವಳ ಕಣ್ಣು ಫ್ಯಾಕ್ಸ್ ಎಂಬ ಜಾಗದ ಮೇಲೆ ಬಿತ್ತು. ಆರುನೂರು ಪುಟದಲ್ಲೂ ಅದು ಖಾಲಿ. ಅಂಕಿಯನ್ನೇ ಬರೆಯಬೇಕೆಂದು ಸಾಫ್ಟ್‌ವೇರ್ ಹಟ ಮಾಡುತ್ತಿರಲಿಲ್ಲ, ಇಪ್ಪತ್ತು ಅಕ್ಷರ ಹಿಡಿಯುತ್ತಿತ್ತು. ಆ ಏಳು ಮಹಡಿಯ ಕಟ್ಟಡದ ಪುಟ ತೆಗೆದು, ಫ್ಯಾಕ್ಸ್ ನಂಬರಿನ ಜಾಗದಲ್ಲಿ "ಸ್ವಿಚ್ ಅದಲು ಬದಲು" ಎಂದು ಬರೆದಳು.

ಅಲ್ಲಿಂದ ಶುರುವಾಯಿತು. ಕೆಲಸ ಮುಗಿಸಿದ ಮೆಕ್ಯಾನಿಕ್ ಕಂಡದ್ದನ್ನು ಫೋನಿನಲ್ಲಿ ಹೇಳುವುದು, ಇವಳು ಇಪ್ಪತ್ತು ಅಕ್ಷರಕ್ಕೆ ಕುಗ್ಗಿಸಿ ಬರೆಯುವುದು. "2 ಬಾ ಸು" ಎಂದರೆ ಎರಡನೇ ಮಹಡಿಯ ಬಾಗಿಲು ಸುಳ್ಳು ಹೇಳುತ್ತದೆ, ಮುಚ್ಚಿದಂತೆ ಕಂಡರೂ ಚಿಲಕ ಬಿದ್ದಿರುವುದಿಲ್ಲ. "ಗುಂ ನೀ" ಎಂದರೆ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನೀರು, ಕರೆಂಟ್ ತೆಗೆಯದೆ ಇಳಿಯಬೇಡ. ಮೆಕ್ಯಾನಿಕ್‌ಗಳು ಯಾವ ಕಟ್ಟಡಕ್ಕೆ ಹೋದರೂ ಬಾಗಿಲ ಮುಂದೆ ನಿಂತು ಫೋನ್ ಮಾಡಿ, "ಅಕ್ಕ, ಫ್ಯಾಕ್ಸ್ ಏನಿದೆ?" ಎಂದು ಕೇಳುವುದು ಅಭ್ಯಾಸವಾಯಿತು. ಕೇಳದೆ ಒಳಗೆ ಕೈ ಹಾಕಿದವನಿಗೆ ಅವಳಿಂದ ಸಿಗುತ್ತಿದ್ದ ಮಂಗಳಾರತಿ ಅವನಿಗೆ ವರ್ಷಗಟ್ಟಲೆ ನೆನಪಿರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಆ ಕಂಪನಿಯ ಒಬ್ಬ ಮೆಕ್ಯಾನಿಕ್‌ನ ಉಗುರೂ ಹೋಗಲಿಲ್ಲ. ಬೇರೆ ಕಂಪನಿಗಳಲ್ಲಿ ಹಾಗಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಒಂದು ತಪ್ಪನ್ನೂ ಹೇಳಬೇಕು. ಮೆಕ್ಯಾನಿಕ್‌ಗಳಿಗೆ ಬಿಟ್ಟರೆ ಇದನ್ನು ಅವಳು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಕಂಪನಿಯ ದಾಖಲೆಯಲ್ಲಿ ಸಿಕ್ಕಿದ್ದು ಬರೆಯುತ್ತೀಯಾ ಎಂದು ಯಜಮಾನರು ಬೈದಾರು ಎಂದು ಮೊದಲು ಹೆದರಿದಳು. ಆಮೇಲೆ ಹೇಳುವ ಸಂದರ್ಭ ಬರಲಿಲ್ಲ. ಆಮೇಲೆ ಹೇಳಬೇಕೆನ್ನುವುದೇ ಮರೆತುಹೋಯಿತು. ಮರೆತು ಹೇಳದೆ ಹೋದ ಆ ಮೆಕ್ಯಾನಿಕ್ ಮಾಡಿದ್ದನ್ನೇ ಇವಳೂ ಮಾಡಿದಳು, ಅದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ಯಜಮಾನರಿಗೆ ವಯಸ್ಸಾಗಿ ಮಗಳು ಕಂಪನಿ ನೋಡಿಕೊಳ್ಳತೊಡಗಿದಳು. ಚಿಕ್ಕ ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದರು. ಚುರುಕು ಹೆಂಗಸು, ತಾನೇ ಮೆಷಿನ್ ಕೋಣೆ ಹತ್ತಿ ಕೈ ಕರಿ ಮಾಡಿಕೊಂಡು ಬರುವವಳು. ಸಾಮಾನು ಕೋಣೆಯ ಕಂಪ್ಯೂಟರ್ ಒಳಗಿಂದ ಟಿಕ್ ಟಿಕ್ ಎನ್ನತೊಡಗಿದಾಗ ರಿಪೇರಿಯವನನ್ನು ಕರೆಸಿದಳು. ಅವನು ಕಿವಿಯಿಟ್ಟು ಕೇಳಿ ತಲೆಯಾಡಿಸಿದ. "ಒಳಗಿನ ಡಿಸ್ಕ್ ಸವೆದಿದೆ. ಈ ಕಾಲಕ್ಕೆ ಇದರ ಭಾಗ ಸಿಗಲ್ಲ. ಒಂದು ತಿಂಗಳೂ ಓಡಬಹುದು, ಆರು ತಿಂಗಳೂ ಓಡಬಹುದು. ನನ್ನ ಕೇಳಿದ್ರೆ ಇದರ ಎದುರು ಕೆಮ್ಮಬೇಡಿ."

ಚಿಕ್ಕ ಮೇಡಂ ತಡಮಾಡಲಿಲ್ಲ. ಎಲ್ಲವನ್ನೂ ಕ್ಲೌಡಿಗೆ ಹಾಕುವ ಒಂದು ಕಂಪನಿಯ ಜೊತೆ ಮಾತಾಡಿದಳು. ಅಲ್ಲಿಂದ ಲ್ಯಾಪ್‌ಟಾಪ್ ಹಿಡಿದು ಬಂದವನಿಗೆ ಮೆಕ್ಯಾನಿಕ್‌ಗಳು ಒಂದೇ ದಿನದಲ್ಲಿ ಮೋಡಪ್ಪ ಎಂದು ಹೆಸರಿಟ್ಟರು. ಒಳ್ಳೆಯ ಮನುಷ್ಯ, ಆದರೆ ಮಾತು ಸ್ವಲ್ಪ ಮುಂದೆ ಓಡುತ್ತಿತ್ತು. ಇನ್ನು ಕಂಪನಿಯ ಮಾಹಿತಿಯೆಲ್ಲ ಬೇರೆಲ್ಲೋ ಭದ್ರವಾಗಿ ಇರುತ್ತದೆ, ಪ್ರತಿ ಮೆಕ್ಯಾನಿಕ್‌ನ ಮೊಬೈಲಿನಲ್ಲೂ ಕಾಣುತ್ತದೆ, ಕೆಲಸ ನೇರವಾಗಿ ಅವರ ಕೈಗೆ ಹೋಗುತ್ತದೆ, ಎಲ್ಲದಕ್ಕೂ ಆಫೀಸಿಗೆ ಫೋನ್ ಮಾಡುವ ತಾಪತ್ರಯ ಇಲ್ಲ ಎಂದ. ಕೊನೆಯ ಮಾತಿಗೆ ನಾಲ್ಕು ಜನ ಫೋನಕ್ಕನ ಕಡೆ ತಿರುಗಿದರು. ಅವಳು ಕಾಲ್ ಬುಕ್ಕಿನ ಪುಟ ತಿರುವಿದಳು.

"ಬರೋ ತಿಂಗಳ ಒಂದನೇ ತಾರೀಕು ಬದಲಾಯಿಸೋಣ. ಇನ್ನೂ ಎಂಟು ದಿನ ಇದೆ," ಎಂದಳು ಚಿಕ್ಕ ಮೇಡಂ. "ಆದ್ರೆ ಅಕ್ಕ, ದಿನಾ ಇದರ ಮುಂದೆ ಕೂರೋರು ನೀವು. ನೀವು ಹ್ಞೂಂ ಅನ್ನದೆ ನಾನು ಬದಲಾಯಿಸಲ್ಲ. ಒಂದ್ಸಲ ಪೂರ್ತಿ ನೋಡಿ."

ಮೋಡಪ್ಪ ದೊಡ್ಡ ಪರದೆಯ ಮೇಲೆ ತೋರಿಸಿದ. ಬಣ್ಣ ಬಣ್ಣದ ಪುಟ, ಕಟ್ಟಡದ ಫೋಟೋ, ನಕ್ಷೆ, ಎಲ್ಲ ಫಳಫಳ. ಫೋನಕ್ಕ ಆ ಏಳು ಮಹಡಿಯ ಕಟ್ಟಡದ ಪುಟ ತೆಗೆಯಲು ಹೇಳಿದಳು. ಹೆಸರಿತ್ತು, ವಿಳಾಸವಿತ್ತು, ಫೋನಿತ್ತು.

"ಫ್ಯಾಕ್ಸ್ ಎಲ್ಲಿ?"

ಮೋಡಪ್ಪ ನಕ್ಕ. "ಫ್ಯಾಕ್ಸಾ? ಈಗ ಯಾರ ಹತ್ರ ಫ್ಯಾಕ್ಸ್ ಇದೆ, ಅಕ್ಕ? ಅದನ್ನ ತೆಗೆದುಬಿಟ್ವಿ. ಅಲ್ದೆ ನಿಮ್ಮ ಆ ಕಾಲಂನಲ್ಲಿ ನಂಬರೇ ಇರಲಿಲ್ಲ. ಮುನ್ನೂರ ನಲವತ್ತು ಕಡೆ ಏನೇನೋ ಅಕ್ಷರ, ಪೂರಾ ಕಸ. ಗುಡಿಸಿ ಕ್ಲೀನ್ ಮಾಡಿದ್ದೀವಿ."

ಕೋಣೆಯಲ್ಲಿದ್ದ ಲೆಕ್ಕದವರು, ಮಾರಾಟದವರು ಎಲ್ಲ ಗೊಳ್ಳೆಂದರು. ಅಕ್ಕ ಇನ್ನೂ ಫ್ಯಾಕ್ಸಿನ ಕಾಲದಲ್ಲೇ ಇದ್ದಾಳೆ ಎಂದು ಯಾರೋ ಪಿಸುಗುಟ್ಟಿದರು. ನಕ್ಕವರ ಮೇಲೆ ಫೋನಕ್ಕನಿಗೆ ಸಿಟ್ಟಿರಲಿಲ್ಲ, ಸಿಟ್ಟು ತನ್ನ ಮೇಲೇ. ಇಪ್ಪತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ತಾನು. ಕಸ ಎಂದು ಗುಡಿಸಿದವನ ತಪ್ಪೇನು?

ಎದ್ದು ನಿಂತಳು. ಅಣ್ಣನ ಬೆರಳಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. "ಅದು ಕಸ ಅಲ್ಲ ಮೇಡಂ. ಮುನ್ನೂರ ನಲವತ್ತು ಕಡೆ ಒಬ್ಬೊಬ್ಬ ಮೆಕ್ಯಾನಿಕ್ ಸಾಯೋದನ್ನ ತಪ್ಪಿಸೋ ಮಾತು ಅದು. ನಾನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ, ನನ್ನದೇ ತಪ್ಪು."

ಕೋಣೆಯಲ್ಲಿ ನಗು ನಿಂತು ಬಹಳ ಹೊತ್ತಾಗಿತ್ತು. ಮೋಡಪ್ಪನ ಮುಖ ಬಿಳಿಚಿಕೊಂಡಿತ್ತು. "ಹಳೇದು ನಿಮ್ಮ ಕಂಪ್ಯೂಟರಲ್ಲಿ ಇದ್ದೇ ಇದೆ, ಅಕ್ಕ. ಇವತ್ತೇ ಹಾಗ್ಹಾಗೇ ಎತ್ತಿ ಹಾಕ್ತೀನಿ," ಎಂದ.

"ಹಾಗ್ಹಾಗೇ ಬೇಡ," ಎಂದಳು ಫೋನಕ್ಕ. "‘ಗುಂ ನೀ’ ಅಂದ್ರೆ ನಂಗೆ ಗೊತ್ತು, ಹಳೇ ಮೆಕ್ಯಾನಿಕ್‌ಗಳಿಗೆ ಗೊತ್ತು. ನಾಳೆ ಹೊಸದಾಗಿ ಬರೋನಿಗೆ? ಇನ್ನೊಂದು, ಅದರಲ್ಲಿ ಎಷ್ಟೋ ರಿಪೇರಿ ಆಗಿಹೋಗಿವೆ. ಇಲ್ಲದ ಅಪಾಯಕ್ಕೆ ಎರಡು ಸಲ ಹೆದರಿಸಿದ್ರೆ, ಮೂರನೇ ಸಲ ನಿಜವಾದದ್ದನ್ನೂ ಯಾರೂ ಓದಲ್ಲ. ಒಂದೊಂದನ್ನೂ ಹೋಗಿ ನೋಡಿ, ಇದೆಯೋ ಇಲ್ವೋ ತಿಳ್ಕೊಂಡು, ಪೂರ್ತಿ ಮಾತಲ್ಲಿ ಬರೀಬೇಕು."

"ಅದಕ್ಕೆ ಎಷ್ಟು ದಿನ ಬೇಕು?"

ಫೋನಕ್ಕ ಲೆಕ್ಕ ಹಾಕಿಯೇ ನಿಂತಿದ್ದಳು. ಪ್ರತಿ ಲಿಫ್ಟಿಗೂ ತಿಂಗಳಿಗೊಮ್ಮೆ ಮೆಕ್ಯಾನಿಕ್ ಹೇಗೂ ಸರ್ವಿಸಿಗೆ ಹೋಗುತ್ತಾನೆ. ಒಂದು ಸುತ್ತು ಮುಗಿದರೆ ಎಲ್ಲವನ್ನೂ ನೋಡಿದಂತಾಯಿತು. ಬೀಗ ಹಾಕಿದ ಕಟ್ಟಡ, ಸಿಗದ ಕಾವಲುಗಾರ, ಇವುಗಳಿಗೆಂದು ಇನ್ನೂ ಹತ್ತು ದಿನ. "ನಲವತ್ತು ದಿನ. ನಲವತ್ತನೇ ದಿನ ಬುಧವಾರ ಬರುತ್ತೆ. ಮಧ್ಯಾಹ್ನ ಎರಡು ಗಂಟೆಗೆ ಬದಲಾಯಿಸೋಣ, ಆಗ ಕರೆ ಕಡಿಮೆ."

"ಅಷ್ಟರೊಳಗೆ ಆ ಕಂಪ್ಯೂಟರ್ ಕೈ ಕೊಟ್ರೆ?"

"ಅದಕ್ಕೇ ಫ್ಯಾಕ್ಸ್ ಕಾಲಂ ಪೂರ್ತಿ ಇವತ್ತೇ ಕಾಗದದ ಮೇಲೆ ತೆಗೀತೀನಿ. ಇವರು ದಿನಾ ಸಂಜೆ ಐದಕ್ಕೆ ಬಂದು ಉಳಿದದ್ದರ ನಕಲು ತಗೊಂಡು ಹೋಗಲಿ. ಹೊಸದರಲ್ಲಿ ಒಂದು ಜಾಗ ಮಾಡಿಕೊಡಲಿ. ಪುಟದ ಎಲ್ಲಕ್ಕಿಂತ ಮೇಲೆ, ಕೆಂಪಕ್ಷರದಲ್ಲಿ. ಎಚ್ಚರಿಕೆ ಅಂತ ಹೆಸರಿಡಿ, ದಯವಿಟ್ಟು ಫ್ಯಾಕ್ಸ್ ಅಂತ ಇಡಬೇಡಿ."

ಚಿಕ್ಕ ಮೇಡಂ ಮೊದಲ ಸಲ ನಕ್ಕಳು. ಒಪ್ಪಿದಳು. ಮಾರಾಟದವರಲ್ಲಿ ಒಬ್ಬ ಮಾತ್ರ ಹೊರಗೆ ಬಂದು, ಹೊಸದು ಕಲಿಯೋಕೆ ಭಯ ಇರೋರಿಗೆ ನಲವತ್ತು ದಿನ ಸಿಕ್ರೂ ನಾನೂರು ದಿನ ಸಿಕ್ರೂ ಒಂದೇ ಎಂದು ಮೂಗು ಮುರಿದ. ಅದು ಅವಳ ಕಿವಿಗೆ ಬೀಳದೆ ಇರಲಿಲ್ಲ. ಹೊಟ್ಟೆಗೆ ಹಾಕಿಕೊಂಡಳು.

ಅಂದು ಹಳೇ ಪ್ರಿಂಟರ್ ಕಿರ್ ಕಿರ್ ಎಂದು ಹದಿನಾಲ್ಕು ಹಾಳೆ ಉಗುಳಿತು. ಆ ಹಾಳೆಗಳನ್ನು ಸಂಜೆ ಮನೆಗೂ ಒಯ್ಯುತ್ತಿದ್ದಳು. ಅಣ್ಣ ಅತ್ತಿಗೆಯ ಜೊತೆಯೇ ಅವಳ ವಾಸ. ಮದುವೆ ಬೇಡವೆಂದವಳು ಅವಳೇ, ಆ ವಿಷಯ ಆ ಮನೆಯಲ್ಲಿ ಯಾವತ್ತೋ ಮುಗಿದುಹೋಗಿತ್ತು. ಅಣ್ಣ ನಿವೃತ್ತನಾಗಿ ಮೂರು ವರ್ಷವಾಗಿತ್ತು. ಊಟದ ಮೇಜಿನ ಮೇಲೆ ಹಾಳೆ ಹರಡಿ ಅಣ್ಣ ತಂಗಿ ಎದುರು ಬದುರು ಕೂರುತ್ತಿದ್ದರು. ಅವಳಿಗೇ ಅರ್ಥ ಮರೆತುಹೋದ ಹಳೆಯ ಸಾಲುಗಳನ್ನು ಅವನು ಬಿಡಿಸಿ ಹೇಳುತ್ತಿದ್ದ.

"‘6 ಹಿಂ ಬ’ ಅಂದ್ರೇನೋ ಅಣ್ಣ? ನಾನೇ ಬರೆದಿದ್ದೀನಿ, ಜಪ್ಪಯ್ಯ ಅಂದ್ರೂ ನೆನಪಾಗ್ತಿಲ್ಲ."

"ಆರನೇ ಮಹಡೀಲಿ ಹಿಂದಿನ ಬಾಗಿಲು. ಬಟ್ಟೆ ಗೋಡೌನು ಅದು. ಹಿಂದುಗಡೇನೂ ಒಂದು ಬಾಗಿಲಿದೆ, ಅವರು ಮುಂದೆ ಮೂಟೆ ಪೇರಿಸಿ ಮುಚ್ಚಿಟ್ಟಿರ್ತಾರೆ. ಪುಟ್ಟಿ, ಅದನ್ನ ನಾನೇ ನಿಂಗೆ ಹೇಳಿದ್ದು. ಆವತ್ತು ನೀನು ನೆಗಡಿಯಾಗಿ ಮೂಗು ಸೀಟ್ತಾ ಬರ್ಕೊಂಡೆ."

ಅತ್ತಿಗೆ ತಟ್ಟೆ ಹಿಡಿದು ಬಂದು ಮೇಜಿನ ತುದಿಯಲ್ಲಿ ನಿಲ್ಲುತ್ತಿದ್ದಳು. "ನಾದಿನಿಯವರೇ, ನಿಮ್ಮ ಮುನ್ನೂರ ನಲವತ್ತು ಲಿಫ್ಟು ಸ್ವಲ್ಪ ಸರಿಸಿದ್ರೆ ನಾವು ಮೂರು ಜನ ಊಟ ಮಾಡ್ತೀವಿ." ಹೀಗೆ ಗೊಣಗಿದರೂ, ಅಚ್ಚುಕಟ್ಟಾದ ಅಕ್ಷರದಲ್ಲಿ ಎಲ್ಲವನ್ನೂ ಮತ್ತೆ ಬರೆದುಕೊಟ್ಟವಳು ಅವಳೇ. ಅಣ್ಣ ಒಂದು ಸಂಜೆ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದ. ಕೊನೆಗೆ, "ನನ್ನ ಎರಡು ಬೆರಳಿಗೆ ನೀನು ಇಷ್ಟು ಮಾಡ್ದೆ," ಎಂದ. ಅವನು ಹೊಗಳುವ ಮನುಷ್ಯನಲ್ಲ. ಫೋನಕ್ಕ ಎದ್ದು ನೀರು ಕುಡಿಯಲು ಹೋದಳು.

ಸರ್ವಿಸಿನ ಸುತ್ತು ಶುರುವಾಯಿತು. ಪ್ರತಿ ಮೆಕ್ಯಾನಿಕ್‌ನ ಜೇಬಿನಲ್ಲಿ ಅವನ ಪಾಲಿನ ಹಾಳೆ. ಅಪಾಯ ಹಾಗೇ ಇದ್ದರೆ ಪೂರ್ತಿ ವಾಕ್ಯದಲ್ಲಿ ಹೇಳಬೇಕು, ಹೋಗಿದ್ದರೆ ಅಡ್ಡಗೆರೆ ಎಳೆಯಬೇಕು. ಮೊದಲ ವಾರದಲ್ಲೇ ಮೂವತ್ತು ಸಾಲಿಗೆ ಗೆರೆ ಬಿತ್ತು. ಹೊಸದಾಗಿ ಹನ್ನೊಂದು ಸೇರಿದವು. ಮೋಡಪ್ಪ ದಿನಾ ಐದಕ್ಕೆ ತಪ್ಪದೆ ಬಂದ. ಎರಡನೇ ವಾರದಿಂದ ನಾಲ್ಕೂವರೆಗೇ ಬಂದು ಫೋನಕ್ಕನ ಪಕ್ಕ ಕೂತು, ಅವಳು ಕರೆ ತೆಗೆದುಕೊಳ್ಳುವುದನ್ನು ನೋಡತೊಡಗಿದ. ಅವಳು ಏನು ಕೇಳುತ್ತಾಳೋ ಆ ಕ್ರಮದಲ್ಲೇ ಹೊಸ ಪುಟದ ಸಾಲುಗಳನ್ನು ಹಿಂದೆ ಮುಂದೆ ಮಾಡಿದ. ಅವಳೂ ಅವನಿಂದ ಹೊಸದನ್ನು ಕಲಿತಳು. ಎರಡೇ ದಿನಕ್ಕೆ ಕೈ ಕೂತಿತು. ಭಯ ಎಂದ ಮಾರಾಟದವನು ಅದನ್ನು ನೋಡಲಿಲ್ಲ, ನೋಡಿದ್ದರೆ ಚೆನ್ನಾಗಿತ್ತು.

ಮೂವತ್ತನಾಲ್ಕನೇ ದಿನ, ಗುರುವಾರ. ಬೆಳಿಗ್ಗೆ ಎಂಟೂವರೆಗೆ ಫೋನಕ್ಕ ಬಂದು ಗುಂಡಿ ಒತ್ತಿದರೆ ಪರದೆ ಬೆಳಗಲಿಲ್ಲ. ಸಾಮಾನು ಕೋಣೆಗೆ ಹೋಗಿ ಕಿವಿಯಿಟ್ಟಳು. ಟಿಕ್ ಟಿಕ್ ಇರಲಿಲ್ಲ. ಇನ್ನೊಮ್ಮೆ ಒತ್ತಿದಳು. ಕಪಾಟಿನ ಮೇಲಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಪ್ಲಗ್ ಕಿತ್ತು, ವಾಪಸ್ ಬಂದು ಕಾಲ್ ಬುಕ್ ತೆರೆದು, ಆಗಲೇ ಬಡಿದುಕೊಳ್ಳುತ್ತಿದ್ದ ಫೋನ್ ಎತ್ತಿದಳು.

ಒಂಬತ್ತಕ್ಕೆ ಚಿಕ್ಕ ಮೇಡಂ ಓಡಿಬಂದಳು, ಹಿಂದೆಯೇ ಮೋಡಪ್ಪ. ರಿಪೇರಿಯವನು ಹತ್ತು ನಿಮಿಷ ನೋಡಿ ಕೈ ಚೆಲ್ಲಿದ. ಎಲ್ಲರೂ ಫೋನಕ್ಕನ ಮೇಜಿನ ಸುತ್ತ ನಿಂತರು.

"ಎಷ್ಟು ಉಳಿದಿವೆ, ಅಕ್ಕ?" ಎಂದಳು ಚಿಕ್ಕ ಮೇಡಂ.

"ಇಪ್ಪತ್ಮೂರು. ಬೀಗ ಹಾಕಿರೋ ಕಟ್ಟಡಗಳು, ಒಳಗೆ ಕೆಲಸ ನಡೀತಿರೋವು. ಮೆಕ್ಯಾನಿಕ್ ಹೋಗೋಕೆ ಆಗಿಲ್ಲ."

"ಹಾಗಾದ್ರೆ ಬುಧವಾರದವರೆಗೆ ಕಾಗದದ ಮೇಲೇ ನಡೆಸೋಣ. ನೀವು ಹೇಳಿದ್ದೇ ಸರಿ, ಅವಸರ ಮಾಡಿ ಯಾರ ಕೈನಾದ್ರೂ ಹೋದ್ರೆ ನಂಗೆ ನಿದ್ದೆ ಬರಲ್ಲ. ಇನ್ನು ಆರು ದಿನ ತಾನೆ."

ಮಾರಾಟದವನೂ ಅಲ್ಲೇ ಇದ್ದ. ಈಗ ಇವಳು ಹ್ಞೂಂ ಅನ್ನುತ್ತಾಳೆ, ಆ ಆರು ದಿನ ಅರುವತ್ತಾಗುತ್ತದೆ ಎಂದು ಅವನ ಮುಖವೇ ಹೇಳುತ್ತಿತ್ತು.

ಫೋನಕ್ಕ ಕಾಲ್ ಬುಕ್ಕಿನ ಕಡೆ ನೋಡಿದಳು. ಅರ್ಧ ಗಂಟೆಯಲ್ಲಿ ಒಂಬತ್ತು ಕರೆ. ಒಬ್ಬನ ವಿಳಾಸ ಹುಡುಕಲು ನಾಲ್ಕು ನಿಮಿಷ ಹಾಳೆ ತಿರುವಿದ್ದಳು. ಎರಡು ಕರೆಗಳಲ್ಲಿ ಮೆಕ್ಯಾನಿಕ್ ಫೋನ್ ಮಾಡಿ ಕಾದು, ಲೈನ್ ಸಿಗದೆ ಒಳಗೆ ಹೋಗಿದ್ದ. ಕೇಳದೆಯೇ ಹೋಗಿದ್ದ. ಕೇಳಲು ಯತ್ನಿಸಿಯೂ ಕೇಳಲಾಗದೆ ಹೋದದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲ ಸಲ.

"ಬೇಡ ಮೇಡಂ. ಇವತ್ತೇ ಬದಲಾಯಿಸಿ. ಈಗಲೇ."

"ಆ ಇಪ್ಪತ್ಮೂರು?"

"ನಾನು ನಲವತ್ತು ದಿನ ಕೇಳಿದ್ದು ಬುಧವಾರದ ಮೇಲಿನ ಪ್ರೀತಿಗಲ್ಲ. ಐನೂರ ಎಂಬತ್ತೊಂಬತ್ತು ಲಿಫ್ಟಿನ ವಿಷಯ ಇವತ್ತು ಇವರ ಮೋಡದಲ್ಲಿ ಸರಿಯಾಗಿದೆ, ನನ್ನ ಕಾಗದದಲ್ಲಿ ನಿಧಾನವಾಗಿದೆ. ಈಗ ಕಾಯೋದೇ ಅಪಾಯ." ಮೋಡಪ್ಪನ ಕಡೆ ತಿರುಗಿದಳು. "ಆ ಇಪ್ಪತ್ಮೂರರ ಮೇಲೂ ಕೆಂಪಲ್ಲಿ ಒಂದೇ ಸಾಲು ಹಾಕಿ. ‘ಫೋನಕ್ಕನನ್ನು ಕೇಳದೆ ಬಾಗಿಲು ತೆರೆಯಬೇಡಿ.’ ಆ ಸಾಲು ಇರೋ ಲಿಫ್ಟಿಗೆ ಅಂತಲೇ ನನ್ನ ಎರಡನೇ ಫೋನು ಖಾಲಿ ಇರುತ್ತೆ. ಬೇರೆ ಯಾರೂ ಅದಕ್ಕೆ ಮಾಡಬಾರದು."

ಹತ್ತೂ ಕಾಲಿಗೆ ಹೊಸದು ಶುರುವಾಯಿತು. ಮೊದಲ ಒಂದು ಗಂಟೆ ಗೊಂದಲವೇ ಗೊಂದಲ. ಒಬ್ಬನಿಗೆ ಗುರುತಿನ ಸಂಖ್ಯೆ ಮರೆತಿತ್ತು, ಇನ್ನೊಬ್ಬ ಒಂದೇ ಕೆಲಸವನ್ನು ಮೂರು ಸಲ ಒಪ್ಪಿಕೊಂಡ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಹದಕ್ಕೆ ಬಂತು. ಫೋನಕ್ಕನಿಗೆ ಮಾತ್ರ ಒಂದು ವಿಷಯ ಒಗ್ಗಲಿಲ್ಲ. "ಅಕ್ಕ, ಫ್ಯಾಕ್ಸ್ ಏನಿದೆ?" ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಬೇಕಾಗಿಯೇ ಇರಲಿಲ್ಲ, ಅವರ ಅಂಗೈಯಲ್ಲೇ ಇತ್ತು. ಅದಕ್ಕೇ ತಾನೆ ಇಷ್ಟೆಲ್ಲ ಮಾಡಿದ್ದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಮನಸ್ಸು ಸ್ವಲ್ಪ ಬಿಕೋ ಎಂದಿತು.

ಮೂರೂ ಮುಕ್ಕಾಲಿಗೆ ಎರಡನೇ ಫೋನ್ ಬಡಿದುಕೊಂಡಿತು.

ಬೇರೆ ಕಂಪನಿಯಿಂದ ಬಂದು ಎರಡೇ ದಿನವಾಗಿದ್ದ ಮೆಕ್ಯಾನಿಕ್ ಅವನು. ನಡುವಯಸ್ಸಿನವನು, ಅನುಭವಸ್ಥ, ಈ ಫ್ಯಾಕ್ಸಿನ ಕಥೆ ಕಿವಿಗೂ ಬಿದ್ದಿರಲಿಲ್ಲ. ಎರಡು ತಿಂಗಳಿಂದ ಬಣ್ಣ ಸುಣ್ಣಕ್ಕೆಂದು ಮುಚ್ಚಿದ್ದ ಒಂದು ಹೋಟೆಲು ಅಂದೇ ತೆರೆದಿತ್ತು. ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ನಿಂತಿದೆ, ಬಾಗಿಲು ತೆಗೆಯುತ್ತಿಲ್ಲ ಎಂದು ದೂರು ಬಂದು ಅವನು ಹೋಗಿದ್ದ.

"ಮೇಡಂ, ನಿಮ್ಮನ್ನ ಕೇಳದೆ ತೆರೀಬೇಡಿ ಅಂತ ಬರ್ತಿದೆ. ಲಿಫ್ಟ್ ಇಲ್ಲೇ ನಾಲ್ಕರಲ್ಲೇ ಇದೆ, ದೀಪ ಉರೀತಾ ಇದೆ. ಕೀಲಿ ಕೈಯಲ್ಲೇ ಇದೆ. ತೆಗೆದುಬಿಡ್ಲಾ? ಮ್ಯಾನೇಜರ್ ತಲೆ ತಿಂತಿದ್ದಾರೆ."

"ಒಂದು ನಿಮಿಷ. ಅಲ್ಲೇ ನಿಲ್ಲಿ." ಹಾಳೆಯ ಮೇಲೆ ಬೆರಳು ಓಡಿತು. ಆ ಹೋಟೆಲಿನ ಸಾಲಿನಲ್ಲಿ ಇದ್ದದ್ದು ಇಷ್ಟು: "ದೀ ನಂಬಬೇಡ." ಪಕ್ಕದಲ್ಲಿ ಅತ್ತಿಗೆಯ ದುಂಡಕ್ಷರ, ಅಣ್ಣ ಬಿಡಿಸಿ ಹೇಳಿದ್ದು: ಮಹಡಿ ತೋರಿಸುವ ದೀಪವನ್ನು ನಂಬಬೇಡ.

"ನೋಡಿ, ಆ ದೀಪ ಸುಳ್ಳು ಹೇಳುತ್ತೆ. ಎಡಗೈಯಲ್ಲಿ ಗೋಡೆ ಹಿಡ್ಕೊಳ್ಳಿ. ಎರಡು ಕಾಲೂ ಒಂದು ಹೆಜ್ಜೆ ಹಿಂದೆ ಇರಲಿ. ಬಾಗಿಲನ್ನ ನಾಲ್ಕು ಬೆರಳಷ್ಟೇ ಸರಿಸಿ ಟಾರ್ಚ್ ಹಾಕಿ. ಮ್ಯಾನೇಜರಿಗೆ ಹಿಂದೆ ಹೋಗೋಕೆ ಹೇಳಿ, ಕೇಳದಿದ್ರೆ ಫೋನ್ ಅವರ ಕೈಗೆ ಕೊಡಿ, ನಾನು ಮಾತಾಡ್ತೀನಿ."

ಕೀಲಿ ತಿರುಗಿದ ಸದ್ದು ಬಂತು. ಬಾಗಿಲು ಕಿರುಗುಟ್ಟಿತು. ಆಮೇಲೆ ಏನೂ ಇಲ್ಲ, ಉಸಿರಿನ ಸದ್ದು ಮಾತ್ರ. ಚಿಕ್ಕ ಮೇಡಂ ಬಂದು ಮೇಜಿನ ಅಂಚು ಹಿಡಿದು ನಿಂತಳು. ಮೋಡಪ್ಪ ಟೈಪ್ ಮಾಡುವುದನ್ನು ನಿಲ್ಲಿಸಿದ.

"ಅಕ್ಕ," ಎಂದ ಅವನು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವನು.

"ಹೇಳಪ್ಪ."

"ಇಲ್ಲಿ ಲಿಫ್ಟೇ ಇಲ್ಲ. ಕೆಳಗೆ ಪೂರಾ ಕತ್ತಲು."

ಫೋನಕ್ಕ ಕಣ್ಣು ಮುಚ್ಚಿಕೊಂಡಳು. ನಾಲ್ಕು ಮಹಡಿ ಆಳದ ಬಾವಿಯಂಥ ಕತ್ತಲು, ಅದರ ಅಂಚಿನಲ್ಲಿ ಎರಡು ಕಾಲು. ಆ ಮನುಷ್ಯನ ಮುಖವನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ.

"ಬಾಗಿಲು ಮುಚ್ಚಿ," ಎಂದಳು, ದಿನವೂ ಹೇಳುವ ದನಿಯಲ್ಲೇ. "ಬೀಗ ಬಿತ್ತಾ, ಎಳೆದು ನೋಡಿ. ಬಿತ್ತಾ? ಈಗ ಮೆಟ್ಟಿಲ ಮೇಲೆ ಎರಡು ನಿಮಿಷ ಕೂತ್ಕೊಳ್ಳಿ, ನೀರು ಕುಡೀರಿ. ಆಮೇಲೆ ಮೊಬೈಲ್ ತೆಗೆದು, ನನ್ನ ಹೆಸರಿರೋ ಆ ಕೆಂಪು ಸಾಲು ಅಳಿಸಿ, ನೀವು ಕಂಡದ್ದನ್ನ ಬರೀರಿ. ನಿಮ್ಮ ಮಾತಲ್ಲೇ, ಪೂರ್ತಿ."

ಸ್ವಲ್ಪ ಹೊತ್ತಿಗೆ ಅವಳ ಎದುರಿನ ಪರದೆಯಲ್ಲಿ ಆ ಹೋಟೆಲಿನ ಪುಟದ ಮೇಲೆ ಅಕ್ಷರಗಳು ಮೂಡಿದವು. ಮಹಡಿ ತೋರಿಸುವ ದೀಪ ತಪ್ಪು, ದೀಪ ನಾಲ್ಕು ಎಂದಾಗ ಲಿಫ್ಟ್ ಅಲ್ಲಿರಲಿಲ್ಲ, ಟಾರ್ಚ್ ಹಾಕಿ ನೋಡದೆ ಯಾರೂ ಕಾಲಿಡಬೇಡಿ. ಅದೇ ಗಳಿಗೆಯಲ್ಲಿ ಊರಿನ ಮೂವತ್ತೊಂದು ಮೆಕ್ಯಾನಿಕ್‌ಗಳ ಕೈಯಲ್ಲೂ ಅದು ಮೂಡಿತ್ತು. ಅವಳು ಹೇಳಬೇಕಾಗಿರಲಿಲ್ಲ. ನಾಳೆ ಅವಳು ಈ ಮೇಜಿನಲ್ಲಿ ಇರದೆ ಹೋದರೂ ಅದು ಅಲ್ಲಿರುತ್ತಿತ್ತು.

ಚಿಕ್ಕ ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟಳು. ಮೆಲ್ಲಗೆ ಒತ್ತಿದಳು. ಫೋನಕ್ಕನಿಗೆ ಹೆಮ್ಮೆಯಾಯಿತು. ಮುಚ್ಚಿಟ್ಟುಕೊಳ್ಳದೆ ತಲೆಯೆತ್ತಿ ಸುತ್ತ ನಿಂತವರೆಲ್ಲರ ಮುಖ ನೋಡಿದಳು. ಮಾರಾಟದವನ ಮುಖವನ್ನೂ ನೋಡಿದಳು, ಅವನು ತಲೆ ತಗ್ಗಿಸಿದ.

ಆಮೇಲೆ ಪೆನ್ನು ತೆಗೆದುಕೊಂಡು ಕಾಗದದ ಮೇಲಿನ ಹೋಟೆಲಿನ ಸಾಲಿಗೆ ಅಡ್ಡಗೆರೆ ಎಳೆದಳು.

"ಇನ್ನು ಇಪ್ಪತ್ತೆರಡು," ಎಂದಳು.